ಎರವಲು ದಿಂಬು

ಅಂದು ಬೆಳಗ್ಗೆ ಗುಳೇದಗುಡ್ಡದ ಓಣಿಗಳಲ್ಲಿ ದಟ್ಟ ಮಂಜು ಕವಿದಿತ್ತು. ಅದು ಕರಗಿದ ಮೇಲೂ ಗಂಗವ್ವನಿಗೆ, ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡನ ಹೆಣದಲ್ಲಿ ವಿಭೂತಿ ಕಂಡಿತು, ಮೂಗು ಕಂಡಿತು, ಮೀಸೆ ಕಂಡಿತು; ಮುಖ ಮಾತ್ರ ಕೂಡಿಬರಲಿಲ್ಲ. ನಿದ್ದೆಯಿಲ್ಲದ ಕಣ್ಣಿನ ಪಾಡೇ ಅದು. ಆ ನೇಕಾರರ ಊರಲ್ಲಿ ಮೊಸರಿನ ಹೆಪ್ಪಿನಂತೆ ನಿದ್ದೆಯನ್ನೂ ನೆರೆಯವರು ದಿಂಬಿನಲ್ಲಿ ಎರವಲು ಒಯ್ಯುತ್ತಾರೆ. ಮದುವೆಯ ರವಿಕೆ ಖಣ ನೇಯಲು ಕಣ್ಣು ಚುರುಕಾಗಿರಬೇಕೆಂದು ಪಕ್ಕದ ಮನೆಯ ಕಲ್ಲವ್ವ ಇವಳ ದಿಂಬು ಒಯ್ದು ಎಂಟು ದಿನವಾಗಿತ್ತು; ಅಂದಿನಿಂದ ಇವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ.

ಹೆಣ ಎತ್ತುವ ಮೊದಲು ಒಂದು ತಾಸು ಮಲಗಿದರೂ ಸಾಕು, ಆ ಮುಖವನ್ನು ಶಿವನೇ ಕೂಡಿಸಿಕೊಡುತ್ತಾನೆ ಎಂದುಕೊಂಡು ಗಂಗವ್ವ ಓಡಿದಳು. ಕಲ್ಲವ್ವ ಆ ದಿಂಬಿನ ಮೇಲೆಯೇ ಮಲಗಿದ್ದಳು.

“ಎಬ್ಬಿಸಬ್ಯಾಡವ್ವಾ,” ಎಂದಳು ಕಲ್ಲವ್ವನ ಅತ್ತೆ. “ನಡುವ ಎದ್ರ ಆ ನಿದ್ದಿ ನಿನಗೂ ಇಲ್ಲ, ಆಕಿಗೂ ಇಲ್ಲ.”

“ಒಮ್ಮಿ ಮುಖಾ ನೋಡ್ತೀನಿ ಯಮ್ಮಾ. ಮೂವತ್ತು ವರ್ಷ ಬೈಕೋತ ನೋಡಿದ ಮುಖಾ ಅದು.”

ಕಲ್ಲವ್ವನ ರೆಪ್ಪೆ ಅದುರಿತು. ಗಂಗವ್ವನ ಕಣ್ಣಿಗೆ ಅದು ಬಿತ್ತು. ಎಚ್ಚರವಿದ್ದವಳ ರೆಪ್ಪೆ ಅದೆಂದು ಕೂಡಿಸಿಕೊಳ್ಳಲು ಅವಳ ತಲೆಗೆ ಆಗಲಿಲ್ಲ.

ಮಧ್ಯಾಹ್ನ ಮಣ್ಣಾಯಿತು. ಸಂಜೆ, ಖಣ ಮುಗಿಸಿ ಬಂದ ಕಲ್ಲವ್ವ ತಲೆ ಎತ್ತದೆ, ಎರವಲಿನ ಪದ್ಧತಿಯಂತೆ ಒಂದು ಹಿಡಿ ಹೊಸ ಹತ್ತಿ ಹೆಚ್ಚಿಗೆ ತುಂಬಿದ ದಿಂಬನ್ನು ಗಂಗವ್ವನ ಮಡಿಲಲ್ಲಿಟ್ಟಳು.