ಹತ್ತು ನಿಮಿಷಕ್ಕೊಮ್ಮೆ ಕೆಂಪು

ಮಚ್ಚು ಮೌಸಿನ ಪಕ್ಕದಲ್ಲೇ ಬಂದು ಮೇಜಿಗೆ ಕಚ್ಚಿಕೊಂಡಿತು. ಉಮರ್ ಫಾರೂಕ್ ಕೈ ಹಿಂದಕ್ಕೆ ಎಳೆದುಕೊಂಡು ಬೆರಳು ನೋಡಿಕೊಂಡ. ಐದೂ ಇದ್ದವು.

"ವೈರಸ್ ತೆಗೆಯೋದು ಆಮೇಲೆ," ಎಂದ ಧರ್ಮೇಶ್. "ಮೊದ್ಲು ಅದನ್ನ ಹಾಕ್ದೋನ ಹೆಸ್ರು ಹೇಳು. ಹೇಳ್ದೆ ಈ ಬಾಗ್ಲು ದಾಟಲ್ಲ ನೀನು."

ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಉಮರನ ಮೊಬೈಲು ಧರ್ಮೇಶನ ಜೇಬು ಸೇರಿತ್ತು. ತರೀಕೆರೆಯ ಅಂಗಡಿಯಲ್ಲಿ ಅಕ್ಕ ಕುಬ್ರಾಳ ಜೊತೆ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ತಣ್ಣಗಿದ್ದವನು ಉಮರ್. ಅಜ್ಜಂಪುರದಾಚೆಯ ತನ್ನ ತೆಂಗಿನ ತೋಟದ ಒಂಟಿ ಮನೆಗೆ ಧರ್ಮೇಶ್ ಅವನನ್ನು ಅಷ್ಟು ದೂರದಿಂದ ಕರೆಸಿದ್ದಕ್ಕೆ ಕಾರಣವಿತ್ತು. ಅಜ್ಜಂಪುರದ ರಿಪೇರಿಯವರೆಲ್ಲ ಹೇಗೋ ಒಂದು ಕಡೆಯಿಂದ ಧರ್ಮೇಶನಿಗೆ ನೆಂಟರು. ಮನೆಯೊಳಗಿನ ಮಾತು ಸಂಜೆಯೊಳಗೆ ಅವನ ಮಾವನ ಮನೆ ಮುಟ್ಟುತ್ತದೆ. ಸಾಬರವನಾದರೆ ಆ ತಾಪತ್ರಯವಿಲ್ಲ ಎಂದುಕೊಂಡಿದ್ದ.

ಕಂಪ್ಯೂಟರಿನ ಕಾಯಿಲೆ ವಿಚಿತ್ರವಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ಪರದೆ ಪೂರ್ತಿ ಕೆಂಪಾಗುತ್ತಿತ್ತು. ಅದರ ಮೇಲಿದ್ದ ನಾಲ್ಕು ಕ್ಯಾಮೆರಾಗಳ ಚಿತ್ರ ಮಾಯವಾಗುತ್ತಿತ್ತು. ಕಾಯಿ ಕಳ್ಳರಿಗೆಂದು ಹಾಕಿಸಿದ ಕ್ಯಾಮೆರಾ ಎಂದು ಧರ್ಮೇಶ್ ಊರಿಗೆಲ್ಲ ಹೇಳಿದ್ದ. ಒಂದು ಜಗಲಿಗೆ, ಒಂದು ಬಾವಿಗೆ, ಒಂದು ಹಿತ್ತಿಲಿಗೆ, ಇನ್ನೊಂದು ಅಡುಗೆಮನೆಯ ಒಳಗೆ. ಒಲೆಯ ಹತ್ತಿರ ಬರುವ ಕಾಯಿ ಕಳ್ಳ ಯಾರೋ ದೇವರೇ ಬಲ್ಲ. ಅವನು ಕೂರುವ ಈ ಕೋಣೆಗೆ ಮಾತ್ರ ಕ್ಯಾಮೆರಾ ಇರಲಿಲ್ಲ.

ಇದರ ಹಿಂದೆ ಒಬ್ಬ ಗಂಡಸಿದ್ದಾನೆ ಎಂಬುದು ಧರ್ಮೇಶನ ಖಚಿತ ನಂಬಿಕೆ. ಹೆಂಡತಿಯನ್ನು ನೋಡಲು ಬರುವ ಯಾರೋ ಒಬ್ಬ ಕ್ಯಾಮೆರಾದ ಕಣ್ಣು ಕಟ್ಟುತ್ತಿದ್ದಾನೆ. ಹೆಸರು ಸಿಕ್ಕರೆ ಮೊದಲು ಅವನು, ಆಮೇಲೆ ಅವಳು. ಮಚ್ಚನ್ನು ಬೆಳಿಗ್ಗೆಯೇ ಸಾಣೆ ಹಿಡಿದಿಟ್ಟಿದ್ದ.

ಆ ಹೆಂಡತಿ, ಸ್ಪೂರ್ತಿ, ಕಾಫಿ ತಂದಳು. ಬಲಗೈಯ ಎರಡು ಬೆರಳಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಕಟ್ಟಿತ್ತು. ಲೋಟ ನಡುಗಿ ಎರಡು ಹನಿ ಕೀಬೋರ್ಡಿನ ಮೇಲೆ ಬಿತ್ತು. ಧರ್ಮೇಶ್ ಲೋಟ ಕಿತ್ತುಕೊಂಡು ಬಿಸಿ ಕಾಫಿಯನ್ನು ಅವಳ ತೋಳಿಗೇ ಎರಚಿದ. ಅವಳು ಉಮರನ ಕಡೆ ತಲೆ ಎತ್ತಲಿಲ್ಲ. ಸೆರಗಿನಿಂದ ಕೀಬೋರ್ಡು ಒರೆಸಿ ಒಳಗೆ ಹೋದಳು.

"ಮೊದ್ಲು ಇವ್ಳೇ ಅಂದ್ಕಂಡಿದ್ದೆ," ಎಂದ ಧರ್ಮೇಶ್, ಮಳೆಯ ವಿಷಯ ಹೇಳುವ ಹಾಗೆ. "ಮದ್ವೆಗೆ ಮುಂಚೆ ಏನೋ ಕಂಪ್ಯೂಟರ್ ಓದಿದ್ಲಂತೆ. ಬೆರಳು ಮುರ್ದೆ. ವೈರಸ್ಸೂ ಅಳಿಸ್ದೆ. ಮೂರೇ ದಿನಕ್ಕೆ ತಿರ್ಗಾ ಬಂತು. ಅಲ್ಲಿಗೆ ಇವ್ಳಲ್ಲ ಅಂತಾಯ್ತಲ್ಲ."

ಉಮರ್ ಹುಡುಕಿದ. ಎಲ್ಲೋ ಮೂಲೆಯಲ್ಲಿ ಒಂದು ಸಣ್ಣ ಫೈಲು ಅಡಗಿತ್ತು. ತೆರೆದ. ನಾಲ್ಕು ಸಾಲು ಓದಿದ. ಧರ್ಮೇಶ್ ಬಗ್ಗುವ ಮೊದಲೇ ಮುಚ್ಚಿಬಿಟ್ಟ.

"ಏನೈತೆ?"

ಹೊರಗಿನಿಂದ ಬಂದ ವೈರಸ್ ಇದು, ಎಲ್ಲರ ಮನೆಯಲ್ಲೂ ಬರುತ್ತದೆ ಎಂದು ಉಮರ್ ತೊದಲಿದ. ಕೆನ್ನೆಗೆ ಏಟು ಬಿತ್ತು. ಕುರ್ಚಿಯ ಸಮೇತ ನೆಲಕ್ಕೆ ಉರುಳಿದ. ತುಟಿ ಒಡೆದು ಬಾಯಿಗೆ ಉಪ್ಪುರುಚಿ ಬಂತು. ಎದ್ದು ಕೂರುವಷ್ಟರಲ್ಲಿ ಮಚ್ಚಿನ ಅಲಗು ಕುತ್ತಿಗೆಯ ಮೇಲಿತ್ತು. ಅವನಿಗೆ ನಿಜವಾಗಿಯೂ ಭಯವಾಯಿತು. ಸುಳ್ಳು ಹೇಳಿದರೆ ತನ್ನ ತಲೆ, ನಿಜ ಹೇಳಿದರೆ ಒಳಗಿರುವವಳ ತಲೆ.

"ಹೆಸರು ಅದರೊಳಗೇ ಇದೆ ಅಣ್ಣಾ," ಎಂದ. "ಆದ್ರೆ ನೆಟ್ ಇಲ್ದೆ ತೆಗೆದುಕೊಡೋಕಾಗಲ್ಲ."

ಆ ಮನೆಯಲ್ಲಿ ನೆಟ್ ಎಂದರೆ ಧರ್ಮೇಶನ ಮೊಬೈಲು. ಅವನು ಹೊರಗೆ ಹೋದರೆ ಬಾಗಿಲಿಗೆ ಬೀಗ, ನೆಟ್ಟೂ ಅವನ ಜೇಬಿನಲ್ಲಿ. ಹೆಸರಿನ ಆಸೆಗೆ ಹಾಟ್‌ಸ್ಪಾಟ್ ಆನ್ ಮಾಡಿಕೊಟ್ಟ.

ಉಮರ್ ಕಪ್ಪು ಪರದೆ ತೆರೆದು ಟೈಪ್ ಮಾಡತೊಡಗಿದ. ಒಡೆದ ತುಟಿಯಿಂದ ಒಂದೊಂದೇ ಹನಿ ಕೀಬೋರ್ಡಿಗೆ ಬೀಳುತ್ತಿತ್ತು. ಧರ್ಮೇಶ್ ಭುಜದ ಮೇಲಿಂದ ಬಗ್ಗಿ ಓದಿದ. ಅಕ್ಷರ ಇಂಗ್ಲಿಷು, ಆದರೆ ಒಂದು ಪದವೂ ಇಂಗ್ಲಿಷಲ್ಲ.

"ಇದ್ಯಾವ ಭಾಷೆ?"

"ಕಂಪ್ಯೂಟರ್ ಭಾಷೆ ಅಣ್ಣಾ."

"ಏನಂತ ಬರ್ದೆ?"

"ಕೆಡಿಸ್ತಿರೋದು ಇಲ್ಲೇ ಕೂತಿದೆ, ಬೇಗ ತೆಗೀರಿ ಅಂತ."

ಧರ್ಮೇಶ್ ತಲೆಯಾಡಿಸಿದ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ನಿಧಾನವಾಗಿ ತುಂಬುತ್ತಾ ಬಂತು. ಅದು ತುಂಬಿದರೆ ಹೆಸರು ಬರುತ್ತದೆ ಎಂದು ಉಮರ್ ಹೇಳಿದ್ದ. ಅರ್ಧ ಗಂಟೆ ಕಳೆಯಿತು. ಮೂರು ಸಲ ಪರದೆ ಕೆಂಪಾಯಿತು, ಮೂರು ಸಲವೂ ಧರ್ಮೇಶ್ ಅಡುಗೆಮನೆಗೆ ನುಗ್ಗಿದ. ಪಾತ್ರೆ ಬಿದ್ದ ಸದ್ದು ಕೇಳಿತು, ಮೈಗೆ ಬಿದ್ದ ಏಟೂ ಕೇಳಿತು. ಉಮರ್ ಹಲ್ಲು ಕಚ್ಚಿಕೊಂಡು ಪಟ್ಟಿಯನ್ನೇ ನೋಡುತ್ತಾ ಕೂತ. ಎಂಥ ಹೇಡಿ ನಾನು ಅಂತ ತನ್ನನ್ನು ತಾನೇ ಬೈದುಕೊಂಡ.

ಪಟ್ಟಿ ತುಂಬುವ ಮೊದಲೇ ಜೀಪು ಬಂತು. ಅಜ್ಜಂಪುರದ ಪೊಲೀಸರು ಬಾಗಿಲು ಒದ್ದು ಒಳಗೆ ಬಂದರು. ಧರ್ಮೇಶ್ ಮಚ್ಚು ಬೀಸಿದ, ಒಬ್ಬ ಪೇದೆಯ ಮುಂಗೈ ಸೀಳಿತು, ನಾಲ್ಕು ಜನ ಸೇರಿ ಅವನನ್ನು ನೆಲಕ್ಕೆ ಕೆಡವಿದರು. ಸಾಬರವನು ನೆಂಟರಿಗೆ ಸುದ್ದಿ ಮುಟ್ಟಿಸಲಿಲ್ಲ, ನಿಜ. ಮನೆಯಲ್ಲಿ ಆಡುವ ದಖ್ಖನಿ ಉರ್ದುವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಅಂಗಡಿಯಲ್ಲಿ ಕೂತಿದ್ದ ಕುಬ್ರಾಳಿಗೆ ಕಳಿಸಿದ್ದ. ಅವಳು ಓದಿದ ಕೂಡಲೇ ಪೊಲೀಸರಿಗೆ ಫೋನ್ ಮಾಡಿದ್ದಳು.

ನೆಲಕ್ಕೆ ಕೆನ್ನೆ ಒತ್ತಿ ಬಿದ್ದಿದ್ದರೂ ಧರ್ಮೇಶ್ ಹಟ ಬಿಡಲಿಲ್ಲ. "ಹೆಸ್ರು ಹೇಳೋ. ಯಾವೋನು ಅವ್ನು?"

ಸ್ಪೂರ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಉಮರ್ ಅವಳ ಮುಖ ನೋಡಿದ. ಅವಳು ಮೊದಲ ಸಲ ತಲೆ ಎತ್ತಿ, ಹೂಂ ಎನ್ನುವಂತೆ ತಲೆಯಾಡಿಸಿದಳು. ಅವನು ಆ ಫೈಲು ತೆರೆದು ಪರದೆಯನ್ನು ನೆಲದ ಕಡೆಗೆ ಬಗ್ಗಿಸಿದ.

'ರಿಪೇರಿಗೆ ಬಂದವರೇ, ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಕಂಪ್ಯೂಟರ್ ಕೆಡದೆ ಈ ಮನೆಗೆ ಹೊರಗಿನವರು ಯಾರೂ ಬರುವುದಿಲ್ಲ, ಅದಕ್ಕೇ ನಾನೇ ಕೆಡಿಸಿದೆ. ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ. ಇಂತಿ, ಸ್ಪೂರ್ತಿ.'