ನಿನ್ನೆಯ ಅಂಟು

ಚಿತ್ರದ ನವಿಲಿನ ಕತ್ತಿನಿಂದ ಕೆಳಗೆ ಹಾಸಿದ್ದ ಬಿಳಿ ಕಾಗದಕ್ಕೆ ಉದುರಿದ ನೀಲಿಗಲ್ಲಿನ ಪುಡಿ ಒಂದೇ ಚಿಟಿಕೆ. ಕ್ಯೋಟೊದ ಬಣ್ಣದಂಗಡಿಯಲ್ಲಿ ಅಷ್ಟಕ್ಕೇ ಮೂರು ಸಾವಿರ ಯೆನ್. ಫುಸಾಳ ಅಪ್ಪ, ಚಿತ್ರಗಾರ ಇನಾಗಾಕಿ ತೀರಿಕೊಂಡ ಇಪ್ಪತ್ತು ವರ್ಷದ ಮೇಲೆ ಅವರ ಹನ್ನೊಂದು ರೇಷ್ಮೆ ಚಿತ್ರಸುರುಳಿಗಳನ್ನು ನೋಡಲು ವಸ್ತುಸಂಗ್ರಹಾಲಯದವರು ಬಂದಿದ್ದರು. ಬಿಚ್ಚಿದ ಮೊದಲನೆಯದೇ ಹೀಗಾಯಿತು.

“ಬಣ್ಣದ ಪುಡಿಗೆ ಬೆರೆಸಿದ ಅಂಟು ಹಿಡಿದಿಲ್ಲ,” ಎಂದರು ಅಧಿಕಾರಿ ತಾಕೆಬೆ. “ಕೊನೆಗಾಲದಲ್ಲಿ ಗುರುಗಳ ಕೈ ಸೋತಿರ್ಬೇಕು. ಉಳಿದ ಹತ್ತರದ್ದೂ ಇದೇ ಪಾಡು. ಕ್ಷಮಿಸಿ, ನಮಗೆ ಬೇಡ.” ಅವರು ಏಳಲು ಹೊರಟರು.

ಫುಸಾ ಚಾಪೆಗೆ ಹಣೆ ಮುಟ್ಟಿಸಿದಳು. “ಅಪ್ಪಂದಲ್ಲ, ತಪ್ಪು ನಂದು! ಈ ನವಿಲು ಬರೆಯೋವಾಗ ಅವರಿಗೆ ಜ್ವರ. ಚರ್ಮದ ಅಂಟು ಕಾಯಿಸಿ ಕೊಟ್ಟಿದ್ದು ನಾನು. ಸೆಕೆಗಾಲದಲ್ಲಿ ನಿನ್ನೆಯ ಅಂಟು ಹಳಸಿ ಹಿಡಿತ ಕಳ್ಕೊಳ್ಳುತ್ತೆ, ಚೆಲ್ಲಬೇಕು ಅಂತ ಗೊತ್ತಿತ್ತು, ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಉಳಿದದ್ದಕ್ಕೆಲ್ಲ ಅವರೇ ಕಾಯಿಸಿದ್ದು. ಇನ್ನೊಂದೇ ಒಂದು ಬಿಚ್ಚಿ ನೋಡಿ, ದಮ್ಮಯ್ಯ!”

“ಬಾಯ್ಮುಚ್ಚಿ, ಫುಸಾ-ಸಾನ್!” ಎಂದು ಪಕ್ಕದಲ್ಲಿ ಕೂತಿದ್ದ ಅಪ್ಪನ ಹಳೆಯ ಶಿಷ್ಯ ಒಕುಡಾ ಅವಳ ತೋಳು ಜಗ್ಗಿದ. ಊರಿನ ಚಿತ್ರಗಾರರಿಗೆಲ್ಲ ಅಂಟು ಕಾಯಿಸಿ ಮಾರುವುದೇ ಅವಳ ಬದುಕೆಂದು ಅವನಿಗೆ ಗೊತ್ತಿತ್ತು. ಮರುಕ್ಷಣವೇ ಅವನ ಮುಖ ಕಪ್ಪಿಟ್ಟಿತು. “ಅಲ್ರೀ, ನಾನು ದೇವಸ್ಥಾನದ ಬಾಗಿಲ ಮೇಲೆ ಬರೆದ ಚಿತ್ರಕ್ಕೆ ಕೊಟ್ರಲ್ಲ, ಅದು ಯಾವತ್ತಿನ ಅಂಟು?”

“ಅವತ್ತಿಂದೇ, ಆಣೆ!” ಎಂದಳು. ಅವನು ತೋಳು ಬಿಟ್ಟು ದೂರ ಸರಿದು ಕೂತ.

ತಾಕೆಬೆ ಎರಡನೆಯ ಸುರುಳಿ ಬಿಚ್ಚಿದರು. ಒಂದು ಕಣವೂ ಉದುರಲಿಲ್ಲ; ಉಳಿದವೂ ಹಾಗೇ. ಹತ್ತು ಚಿತ್ರಗಳು ಅಪ್ಪನ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಸೇರಿದವು. ಆ ವಾರದಿಂದ ಫುಸಾಳ ಬಳಿ ಅಂಟು ಕೊಳ್ಳಲು ಯಾರೂ ಬರಲಿಲ್ಲ.