ಒಳಪೆಟ್ಟು

"ನಾಟಕ ಸಾಕು, ಎತ್ತೋ ಕೈ!"

ಅಪ್ಪ ಕಾರಿನ ಬಾಗಿಲಿಗೆ ಒದ್ದ. ಮಗನ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದೇ ಇತ್ತು.

ನೆಗ್ಗಿದ ಗಾಡಿಗಳನ್ನು ತಟ್ಟಿ ಸರಿಮಾಡುವ ಶೆಡ್ಡು ಅದು. ಓದು ಬಿಡಿಸಿ ಮಗನ ಕೈಗೆ ಸುತ್ತಿಗೆ ಕೊಟ್ಟವನು ಅಪ್ಪನೇ. ನೆಗ್ಗನ್ನು ಹೊರಗಿನಿಂದ ಎಳೆದರೆ ತಗಡು ಸುಕ್ಕಾಗುತ್ತದೆ. ಹಿಂದಿನಿಂದ ತಟ್ಟಿ ಎಬ್ಬಿಸಬೇಕು. ಶೆಡ್ಡಿನಲ್ಲಿ ಅದಕ್ಕೆ ಒಳಪೆಟ್ಟು ಎನ್ನುತ್ತಿದ್ದರು. ಅದರಲ್ಲಿ ಮಗನನ್ನು ಮೀರಿಸುವವರಿರಲಿಲ್ಲ. ಈಗ ಅಂಗಿಯ ಗುಂಡಿ ಹಾಕುವುದಕ್ಕೂ ಅಮ್ಮನೇ ಬೇಕು. ಕೈ ಬರುವ ತನಕ ಶೆಡ್ಡಿನಲ್ಲಿ ಕೆಲಸವಿಲ್ಲ ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಡಾಕ್ಟರು ಮೂಳೆ ನೋಡಿದರು, ನರ ನೋಡಿದರು. ಎಲ್ಲ ನೆಟ್ಟಗಿತ್ತು.

"ಕೈ ಬಿದ್ದುಹೋದ ದಿನ ಏನಾಯ್ತು?"

"ಬಾನೆಟ್ ತಟ್ತಾ ಇದ್ದೆ ಸಾರ್. ಅಮ್ಮ ಊಟ ತಂದ್ಲು. ಆಮೇಲೆ ನೋಡಿದ್ರೆ ಕೈಯಲ್ಲಿ ಜೀವಾನೇ ಇಲ್ಲ."

"ಮಧ್ಯೆ?"

"ಮಧ್ಯೆ ಏನಿರುತ್ತೆ?"

"ಏನನ್ನೋ ನಿಮ್ಮ ಮನಸ್ಸು ಅದುಮಿಟ್ಟಿದೆ. ಒಂಥರಾ ಒಳಪೆಟ್ಟು. ಅದು ನೆನಪಾದ್ರೆ ಕೈ ತಾನಾಗೇ ಬರುತ್ತೆ." ಡಾಕ್ಟರು ಅಮ್ಮನತ್ತ ತಿರುಗಿದರು. "ನೀವಿದ್ರಲ್ಲಮ್ಮ, ಹೇಳಿ."

ಅಮ್ಮ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಎರಡಕ್ಕೆ ಪಟ್ಟಿ ಇತ್ತು. ಬಾಗಿಲ ಸಂದಿಗೆ ಸಿಕ್ಕಿತು ಎಂದಿದ್ದಳು.

"ಏನೂ ಆಗ್ಲಿಲ್ಲ ಡಾಕ್ಟ್ರೇ. ಕೈ ಹೋದ್ರೆ ಹೋಗ್ಲಿ ಬಿಡಿ. ಮಗ ಉಳಿದ್ನಲ್ಲ."

ಮಗನಿಗೆ ಮೈಯೆಲ್ಲ ಉರಿಯಿತು. ಹೆತ್ತವಳ ಬಾಯಲ್ಲಿ ಇಂಥ ಮಾತು! ದಾರಿಯುದ್ದಕ್ಕೂ ಜಗಳಾಡಿದ.

"ನಾನು ಕೈಲಾಗದವನಾಗಿ ಮೂಲೇಲಿ ಬಿದ್ದಿರ್ಬೇಕಾ? ಅದೇನಾ ನಿಂಗೆ ಬೇಕಿರೋದು?"

"ಹೂಂ ಕಣೋ, ಬಿದ್ದಿರು. ನನ್ನ ಕಣ್ಮುಂದೆ ಆದ್ರೂ ಇರ್ತೀಯ."

ಶೆಡ್ಡಿನಲ್ಲಿ ಅಪ್ಪ ಕಾಯುತ್ತಿದ್ದ. "ಏನಂದ ನಿನ್ನ ಡಾಕ್ಟ್ರು?"

"ಮನಸ್ಸಲ್ಲಿ ಏನೋ ಅದುಮಿಟ್ಕೊಂಡಿದೀನಂತೆ."

"ಮನಸ್ಸಂತೆ! ಮೈಗಳ್ಳತನಕ್ಕೂ ಒಂದು ಕಾಯಿಲೆ ಹೆಸರು!" ಅಪ್ಪ ಅಮ್ಮನ ಮೇಲೆ ತಿರುಗಿಬಿದ್ದ. "ತಲೆ ಮೇಲೆ ಕೂರಿಸ್ಕೊಂಡು ಹಾಳು ಮಾಡಿದವಳೇ ನೀನು."

ಛಟೀರೆಂದು ಕೆನ್ನೆಗೆ ಬಾರಿಸಿದ.

ಆ ಸದ್ದಿಗೆ, ಆವತ್ತು ಇಂಥದೇ ಏಟಿಗೆ ಬಾನೆಟ್ಟಿನ ಮೇಲೆ ಚೆಲ್ಲಿಹೋದ ಊಟ, ಹೊಡೆದು ಬೆನ್ನು ತಿರುಗಿಸಿದ್ದ ಅಪ್ಪ, ಎಲ್ಲ ಮಗನ ಕಣ್ಣಿಗೆ ಕಟ್ಟಿತು. ಬಲಗೈ ಬೆರಳುಗಳು ತಾವಾಗಿಯೇ ಬೆಂಚಿನ ಮೇಲಿದ್ದ ಸುತ್ತಿಗೆಯ ಹಿಡಿಯ ಸುತ್ತ ಮಡಚಿಕೊಂಡವು. ಸುತ್ತಿಗೆಯ ಸಮೇತ ಕೈ ಭುಜಕ್ಕಿಂತ ಮೇಲೆದ್ದಿತು.

ಅಪ್ಪನ ಮುಖ ಅರಳಿತು. "ನೋಡ್ದೇನೇ? ಬಂತು ಕೈ! ಆ ಡಾಕ್ಟ್ರಿಗಿಂತ ನಾನೇ ವಾಸಿ!"

ಸುತ್ತಿಗೆಗೆ ಕೈ ಅಡ್ಡ ಹಿಡಿಯಲು ಅಮ್ಮ ಓಡಿಬಂದಳು, ಆವತ್ತು ಬಂದ ಹಾಗೆಯೇ. ಆವತ್ತಾದರೆ ಹೊತ್ತಿಗೆ ಸರಿಯಾಗಿ ಬಂದಿದ್ದಳು.